ಪಂಪ್ ಹಾಕಿದ್ರಾ, ಇಲ್ವಾ? ಅದನ್ನೂ ಹೇಳಿ

ಸಂಪಾದಕರಿಗೆ,

ಹೋದ ವರ್ಷ ನಮ್ಮ ಯಜಮಾನರಿಗೆ ಬೆಂಗಳೂರಿನಲ್ಲಿ ಬೈಪಾಸ್ ಆಯಿತು. ಮೂರು ತಿಂಗಳಿಗೆ ಅಮೆರಿಕದಲ್ಲಿರುವ ನನ್ನ ಅಣ್ಣನಿಗೂ ಆಯಿತು. 'ಒಂದೂವರೆ ಗಂಟೆ ನನ್ನ ಹೃದಯ ನಿಲ್ಲಿಸಿದ್ರು, ಮೆಷಿನ್ನೇ ರಕ್ತ ಓಡಿಸ್ತು' ಅಂತ ಅವನು ಫೋನಿನಲ್ಲಿ ಹೇಳಿದ. ಇವರ ಡಿಸ್ಚಾರ್ಜ್ ಕಾಗದ ತೆಗೆದು ನೋಡಿದರೆ 'ಆಫ್ ಪಂಪ್' ಅಂತಿತ್ತು. ಅಂದರೆ ಮೆಷಿನ್ ಇಲ್ಲದೆ, ಬಡಿಯುತ್ತಿರುವ ಹೃದಯದ ಮೇಲೇ ಹೊಲಿಗೆ! ಬೈಪಾಸ್ ಎಂದರೆ ರಕ್ತಕ್ಕೆ ಬಳಸುದಾರಿ, ಮೆಷಿನ್ ಬೇರೆಯೇ ವಿಷಯ ಅಂತ ಗೊತ್ತಾಗಿದ್ದೇ ಆಗ.

ನಮ್ಮಲ್ಲಿ, ಜಪಾನಿನಲ್ಲಿ ಮೆಷಿನ್ ಇಲ್ಲದ ಬೈಪಾಸೇ ಜಾಸ್ತಿ. ಅಮೆರಿಕದಲ್ಲಿ ಕಡಿಮೆ. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳ 2009ರ ಅಧ್ಯಯನದಲ್ಲಿ, ಮೆಷಿನ್ ಇಲ್ಲದೆ ಹಾಕಿದ ನಾಳಗಳೇ ವರ್ಷದೊಳಗೆ ಹೆಚ್ಚು ಮುಚ್ಚಿಕೊಂಡಿದ್ದವು. ಆದರೆ ಭಾರತವೂ ಸೇರಿ 19 ದೇಶಗಳ 4,752 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ, ಐದು ವರ್ಷವಾದರೂ ಸಾವು, ಪಾರ್ಶ್ವವಾಯು, ಹೃದಯಾಘಾತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದರಲ್ಲಿ ಕತ್ತರಿ ಹಿಡಿದವರೆಲ್ಲ ಆಯಾ ವಿಧಾನದಲ್ಲಿ 100ಕ್ಕಿಂತ ಹೆಚ್ಚು ಆಪರೇಷನ್ ಮಾಡಿದ್ದವರು. ಕೈ ಪಳಗಿರಬೇಕು, ಅಲ್ವಾ?

ಇವರು ಈಗ ದಿನಾ ಎರಡು ಮೈಲಿ ನಡೀತಾರೆ. ಡಾಕ್ಟರ ಮೇಲೆ ದೂರಿಲ್ಲ. ಆದರೆ ಇಂಗ್ಲಿಷಿನ ಆರು ಹಾಳೆಗೆ ನಾನು ಸುಮ್ನೆ ಸಹಿ ಹಾಕಿ ಕೊಟ್ಟೆ. ಪಂಪ್ ಹಾಕ್ತಾರಾ, ಯಾಕೆ, ಈ ಸರ್ಜನ್ ಇಂಥವು ಎಷ್ಟು ಮಾಡಿದ್ದಾರೆ ಎಂಬುದನ್ನು ಕನ್ನಡದಲ್ಲಿ ಅರ್ಧ ಹಾಳೆ ಬರೆದು ಕೊಡಲು ಆಸ್ಪತ್ರೆಗಳಿಗೆ ಏನು ಕಷ್ಟ?

– ಓದುಗಿ, ದಾವಣಗೆರೆ