ದ್ವೀಪದ ಕಾದಂಬರಿಗಳು ಮತ್ತು ನಮ್ಮ ಒಂಬತ್ತನೆಯ ತರಗತಿ: ಪೋಷಕರಿಗೆ ಪತ್ರ

ಮುಖ್ಯ ಶಿಕ್ಷಕಿಯ ಕೊಠಡಿ, ಪ್ರೌಢಶಾಲಾ ವಿಭಾಗ
ಸಕಲೇಶಪುರ, ಹಾಸನ ಜಿಲ್ಲೆ

ಮಾನ್ಯ ಪೋಷಕರೇ,

ಸಾದರ ವಂದನೆಗಳು. ಕಾಫಿ ಕುಯ್ಲಿನ ಈ ದಿನಗಳಲ್ಲಿ ಉದ್ದನೆಯ ಪತ್ರವೊಂದನ್ನು ಕೂತು ಓದುವಷ್ಟು ಬಿಡುವು ನಿಮ್ಮಲ್ಲಿ ಅನೇಕರಿಗೆ ಇರುವುದಿಲ್ಲವೆಂದು ಬಲ್ಲೆ. ಆದರೆ ಕಳೆದ ಹದಿನೈದು ದಿನಗಳಲ್ಲಿ ಮೂವರು ಪೋಷಕರು ಶಾಲೆಗೇ ಬಂದು, ಇನ್ನೊಬ್ಬರು ಫೋನಿನಲ್ಲಿ, ಹೆಚ್ಚುಕಡಿಮೆ ಒಂದೇ ವಿಷಯವನ್ನು ಕೇಳಿದ್ದರಿಂದ ಎಲ್ಲರಿಗೂ ಒಟ್ಟಿಗೆ ಉತ್ತರಿಸುವುದು ಸರಿಯೆನಿಸಿತು. ಮಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೋಲಿಗೆ ಸಿಕ್ಕಿಸಿದ ಹಂದಿಯ ತಲೆಯನ್ನು ಬರೆದಿಟ್ಟಿದ್ದಾನೆ, ಶಾಲೆಯಲ್ಲಿ ಇದೆಂಥ ಪಾಠ ನಡೆಯುತ್ತಿದೆ ಎಂಬುದು ಒಬ್ಬರ ಪ್ರಶ್ನೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎದುರಿಗಿರುವಾಗ ಪಠ್ಯದಲ್ಲಿಲ್ಲದ ಕಾದಂಬರಿಗಳಿಗೆ ಸಮಯವೇಕೆ ಎಂಬುದು ಇನ್ನೊಬ್ಬರದು. ಎರಡೂ ನ್ಯಾಯವಾದ ಪ್ರಶ್ನೆಗಳೇ.

ನಡೆಯುತ್ತಿರುವುದು ಇಷ್ಟು. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯ ಭಾಗವಾಗಿ ಇಂಗ್ಲಿಷ್ ಮತ್ತು ಕನ್ನಡ ಶಿಕ್ಷಕರು ಸೇರಿ ವಾರಕ್ಕೆ ಎರಡು ಅವಧಿಗಳಲ್ಲಿ, ನಿರ್ಜನ ಜಾಗದಲ್ಲಿ ಸಿಕ್ಕಿಬಿದ್ದು ಬದುಕಿದವರ ಕಥೆಯಿರುವ ನಾಲ್ಕು ಕಾದಂಬರಿಗಳ ಆಯ್ದ ಭಾಗಗಳನ್ನು ಮಕ್ಕಳಿಂದ ಓದಿಸಿ, ಕನ್ನಡದಲ್ಲಿ ಚರ್ಚಿಸಿ, ಹೋಲಿಸಿ ಬರೆಸುತ್ತಿದ್ದಾರೆ. ಡೇನಿಯಲ್ ಡೀಫೋ 1719ರಲ್ಲಿ ಪ್ರಕಟಿಸಿದ ‘ರಾಬಿನ್ಸನ್ ಕ್ರೂಸೋ’, ಬ್ಯಾಲಂಟೈನ್ 1857ರಲ್ಲಿ ಬರೆದ ‘ದಿ ಕೋರಲ್ ಐಲ್ಯಾಂಡ್’, ವಿಲಿಯಂ ಗೋಲ್ಡಿಂಗ್ ಅವರ 1954ರ ‘ಲಾರ್ಡ್ ಆಫ್ ದಿ ಫ್ಲೈಸ್’ ಹಾಗೂ ಯಾನ್ ಮಾರ್ಟೆಲ್ ಅವರ 2001ರ ‘ಲೈಫ್ ಆಫ್ ಪೈ’ ಆ ನಾಲ್ಕು ಪುಸ್ತಕಗಳು. ಮನುಷ್ಯನನ್ನು ಊರು, ಕಾನೂನು, ಅಂಗಡಿ, ದೇವಸ್ಥಾನ ಎಲ್ಲದರಿಂದ ಬಿಡಿಸಿ ಒಂದು ದ್ವೀಪದಲ್ಲೋ ದೋಣಿಯಲ್ಲೋ ಇಟ್ಟರೆ ಅವನಲ್ಲಿ ಉಳಿಯುವುದೇನು, ಕಳಚಿ ಬೀಳುವುದೇನು ಎಂಬುದನ್ನು ಮಕ್ಕಳು ಈ ನಾಲ್ಕರಲ್ಲಿ ಹುಡುಕಬೇಕು.

ಮೊದಲ ದಿನವೇ ಪದಗಳ ತೊಡಕು ಎದುರಾಯಿತು. ‘ನಾಗರಿಕ’ ಎಂಬ ಪದದಲ್ಲಿ ನಗರವಿದೆ. ಇಂಗ್ಲಿಷಿನ ‘ಸ್ಯಾವೇಜ್’ ಎಂಬ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿ ಕಾಡು ಎಂಬ ಅರ್ಥದ ಪದದಲ್ಲಿದೆ. ಎಂದರೆ ನಗರದಲ್ಲಿರುವವನು ಸಭ್ಯ, ಕಾಡಿನವನು ಒರಟ ಎಂದು ಎರಡೂ ಭಾಷೆಗಳು ಮೊದಲೇ ತೀರ್ಪು ಬರೆದಿಟ್ಟುಕೊಂಡಂತಾಯಿತು. ಈ ತೀರ್ಪು ನಮ್ಮ ಮಕ್ಕಳಿಗೆ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ತೋಟದ ಬೇಲಿಯಾಚೆಗೇ ಕಾಡು ಶುರುವಾಗುವ ಮನೆಗಳಿಂದ ಬರುವವರು ಅವರು. ಆನೆ ಯಾವ ತೋಟದಲ್ಲಿದೆ ಎಂಬ ಮೆಸೇಜು ನೋಡಿಕೊಂಡು ಬೆಳಿಗ್ಗೆ ಹೊರಡುವವರು. ಪಕ್ಕದ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಓದಿದ್ದವನೊಬ್ಬ, ಅದರಲ್ಲಿ ವಿಜ್ಞಾನಿಗೆ ಕಾಡು ತೋರಿಸಿಕೊಡುವವನು ಹಳ್ಳಿಗಾಡಿನ ಮಂದಣ್ಣನಲ್ಲವೇ, ಹಾಗಾದರೆ ಅವನನ್ನು ಯಾವ ಪಟ್ಟಿಗೆ ಸೇರಿಸುವುದು ಎಂದು ಕೇಳಿದ. ಶಿಕ್ಷಕರು ಬೋರ್ಡಿನ ಮೇಲೆ ಎಳೆದಿದ್ದ ಎರಡು ಕಾಲಂಗಳನ್ನು ಆ ದಿನವೇ ಅಳಿಸಬೇಕಾಯಿತು.

ಆಮೇಲೆ ಅವರು ಹೋಲಿಕೆಗೆ ಹಿಡಿದ ದಾರಿ ನನಗೆ ಬಹಳ ಹಿಡಿಸಿತು. ಇವುಗಳಲ್ಲಿ ಮೂರು ಕಾದಂಬರಿಗಳಲ್ಲಿ ಹಸಿದವನು ಮೊದಲ ಸಲ ಒಂದು ಪ್ರಾಣಿಯ ಮೇಲೆ ಕೈಯೆತ್ತುವ ಘಟ್ಟವೊಂದಿದೆ; ಅದನ್ನಷ್ಟೇ ಪಕ್ಕಪಕ್ಕದಲ್ಲಿಟ್ಟು ಓದೋಣ ಎಂದರು. ಕ್ರೂಸೋ ತನ್ನ ದ್ವೀಪದಲ್ಲಿ ಹೊಡೆದ ಮೊದಲ ಮೇಕೆಯ ಪಕ್ಕದಲ್ಲಿ ಹಾಲು ಕುಡಿಯುವ ಮರಿಯಿರುತ್ತದೆ. ತಾಯಿ ಬಿದ್ದರೂ ಮರಿ ಓಡದೆ ನಿಲ್ಲುತ್ತದೆ, ಅವನು ತಾಯಿಯನ್ನು ಹೆಗಲ ಮೇಲೆ ಹೊತ್ತು ನಡೆದಾಗ ಹಿಂದೆಯೇ ಬರುತ್ತದೆ. ಅವನಿಗೆ ನಿಜವಾಗಿಯೂ ಸಂಕಟವಾಗುತ್ತದೆ, ಸಾಕೋಣವೆಂದುಕೊಳ್ಳುತ್ತಾನೆ, ಮರಿ ಏನನ್ನೂ ತಿನ್ನುವುದಿಲ್ಲ, ಕೊನೆಗೆ ಅದನ್ನೂ ಕೊಂದು ತಿನ್ನುತ್ತಾನೆ. ಪುದುಚೇರಿಯ ಹುಡುಗ ಪೈ ಹುಟ್ಟಿನಿಂದ ಸಸ್ಯಾಹಾರಿ. ಹುಲಿಯೊಂದಿಗೆ 227 ದಿನ ಸಮುದ್ರದ ಮೇಲೆ ಕಳೆಯುವ ಅವನು ಮೊದಲ ಮೀನಿನ ಕತ್ತು ಮುರಿಯಲಾರದೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಕಣ್ಣುಮುಚ್ಚಿ ಮುರಿದು, ಗೋಳೋ ಎಂದು ಅಳುತ್ತಾನೆ. ಆದರೆ ಬಹಳ ಬೇಗ ಅಭ್ಯಾಸವಾಗಿಬಿಟ್ಟಿತೆಂದು ಅವನೇ ಒಪ್ಪಿಕೊಳ್ಳುತ್ತಾನೆ.

ದೊಡ್ಡವರಿಲ್ಲದ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರ ಕಥೆಯಾದ ಗೋಲ್ಡಿಂಗರ ಕಾದಂಬರಿಯಲ್ಲಿ ಜ್ಯಾಕ್ ಎಂಬ ಹುಡುಗನೂ ಮೊದಲ ಸಲ ಸೋಲುತ್ತಾನೆ, ಇದನ್ನು ಮಕ್ಕಳು ನಿರೀಕ್ಷಿಸಿರಲಿಲ್ಲ. ಬಳ್ಳಿಗಳಲ್ಲಿ ಸಿಕ್ಕಿಕೊಂಡ ಹಂದಿಮರಿಯ ಮೇಲೆ ಚಾಕು ಎತ್ತಿದವನು ಇಳಿಸಲಾರದೆ ನಿಲ್ಲುತ್ತಾನೆ, ಮರಿ ತಪ್ಪಿಸಿಕೊಳ್ಳುತ್ತದೆ, ಅವನು ನಾಚಿಕೆಯಿಂದ ಚಾಕುವನ್ನು ಮರದ ಬೊಡ್ಡೆಗೆ ಚುಚ್ಚುತ್ತಾನೆ. ಆ ಹಿಂಜರಿಕೆಯನ್ನು ಅವನು ಅವಮಾನವೆಂದು ಎಣಿಸುವುದೇ ಮುಂದಿನ ಕಥೆಗೆಲ್ಲ ಬೀಜ. ಮುಂದೆ ಮುಖಕ್ಕೆ ಬಣ್ಣ ಬಳಿದುಕೊಂಡು, ಗುಂಪು ಕಟ್ಟಿಕೊಂಡು ಕೊಂದಾಗ ಅಲ್ಲಿ ಅಳು ಇಲ್ಲ, ಲೆಕ್ಕವೂ ಇಲ್ಲ, ಹಾಡು ಇದೆ. ಅದೇ ಹಾಡಿನ ಕುಣಿತದಲ್ಲಿ ಒಂದು ರಾತ್ರಿ ಮಳೆಯ ನಡುವೆ ತಮ್ಮವನೇ ಆದ ಸೈಮನ್ ಸಾಯುತ್ತಾನೆ. ಕೊಲ್ಲುವುದು ಮೂರೂ ಕಡೆ ಇದೆ, ಆದರೆ ಮೂರೂ ಒಂದೇ ಅಲ್ಲ ಎಂಬಲ್ಲಿಗೆ ಚರ್ಚೆ ಬಂದು ನಿಂತಿತು. ಕೊಂದ ಹಂದಿಯ ತಲೆಯನ್ನು ಆ ಹುಡುಗರು ಕೋಲಿಗೆ ಸಿಕ್ಕಿಸಿ ನಿಲ್ಲಿಸುತ್ತಾರೆ; ಮೊದಲ ಪ್ರಶ್ನೆ ಕೇಳಿದ ಪೋಷಕರ ಮಗ ನೋಟ್‌ಬುಕ್ಕಿನಲ್ಲಿ ಬರೆದದ್ದು ಅದನ್ನೇ. ಹೋಲಿಕೆಯ ಚಿತ್ರಕ್ಕೆಂದು ಶಿಕ್ಷಕರೇ ಬರೆಯಹೇಳಿದ್ದರು.

ಕ್ರೂಸೋನ ವಿಷಯದಲ್ಲಿ ಮಕ್ಕಳು ನನಗಿಂತ ಕಟುವಾಗಿದ್ದಾರೆ. ಚಿಕ್ಕಂದಿನಲ್ಲಿ ನಾವು ಓದಿದ ಸಂಗ್ರಹಗಳಲ್ಲಿ ಅವನು ದುಡಿಮೆಗಾರ: ಕಂಬಕ್ಕೆ ಕಚ್ಚು ಹಾಕಿ ದಿನ ಎಣಿಸುವವನು, ತನ್ನ ಪಾಲಿನ ಒಳಿತು ಕೆಡುಕುಗಳನ್ನು ಜಮಾಖರ್ಚಿನಂತೆ ಎರಡು ಸಾಲಿನಲ್ಲಿ ಬರೆದಿಡುವವನು, ಬಾರ್ಲಿ ಬೆಳೆದು ಮೇಕೆ ಸಾಕಿ 28 ವರ್ಷ ಕಳೆದವನು. ಅವನ ಹಡಗು ಒಡೆದದ್ದು ಆಫ್ರಿಕದಿಂದ ಗುಲಾಮರನ್ನು ತರಲು ಹೊರಟಾಗ ಎಂಬ ಮಾತು ಆ ಸಂಗ್ರಹಗಳಲ್ಲಿ ಎದ್ದು ಕಾಣುತ್ತಿರಲಿಲ್ಲ. ತಾನೇ ಗುಲಾಮನಾಗಿದ್ದು ತಪ್ಪಿಸಿಕೊಂಡಾಗ ಜೊತೆಗಿದ್ದು ನೆರವಾದ ಜೂರಿ ಎಂಬ ಹುಡುಗನನ್ನು ಅವನು 60 ನಾಣ್ಯಗಳಿಗೆ ಹಡಗಿನ ಕ್ಯಾಪ್ಟನ್ನನಿಗೆ ಮಾರಿಬಿಡುತ್ತಾನೆ. ಮುಂದೆ ನರಭಕ್ಷಕರನ್ನು ಕಂಡು ಅಸಹ್ಯಪಟ್ಟು, ಅವರನ್ನೆಲ್ಲ ಕೊಲ್ಲಬೇಕೆಂದು ಹೊಂಚು ಹಾಕಿ, ಆಮೇಲೆ ನನಗೆ ಯಾವ ಕೆಡುಕನ್ನೂ ಮಾಡದ ಇವರಿಗೆ ಶಿಕ್ಷೆ ಕೊಡಲು ನಾನು ಯಾರು ಎಂದು ತನ್ನನ್ನೇ ಕೇಳಿಕೊಳ್ಳುವಷ್ಟು ವಿವೇಕ ಅವನಿಗಿದೆ. ಜೂರಿಯ ವಿಷಯದಲ್ಲಿ ಆ ಪ್ರಶ್ನೆ ಏಳಲೇ ಇಲ್ಲ. ಮುನ್ನೂರು ವರ್ಷದ ಹಿಂದಿನವನನ್ನು ಇಂದಿನ ಕಣ್ಣಿನಿಂದ ಅಳೆಯುವುದು ಎಷ್ಟು ಸರಿ ಎಂದು ನಾನು ವಾದಿಸಿ ನೋಡಿದೆ, ತರಗತಿ ಒಪ್ಪಲಿಲ್ಲ.

‘ದಿ ಕೋರಲ್ ಐಲ್ಯಾಂಡ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂವರು ಇಂಗ್ಲಿಷ್ ಹುಡುಗರು ದ್ವೀಪದಲ್ಲಿ ಸುಖವಾಗಿ, ಸ್ನೇಹವಾಗಿ ಇರುತ್ತಾರೆ, ಕೆಟ್ಟದ್ದೆಲ್ಲ ಹೊರಗಿನಿಂದ ಬರುತ್ತದೆ. ಲೇಖಕರು ಅಂಥ ದ್ವೀಪವನ್ನು ಕಂಡವರಲ್ಲ, ಆದ್ದರಿಂದ ಅವರ ತೆಂಗಿನಕಾಯಿ ಬ್ರಿಟನ್ನಿನ ಅಂಗಡಿಯಲ್ಲಿ ಸಿಗುವ ಹಾಗೆ ಮಟ್ಟೆಯಿಲ್ಲದೆಯೇ ಇದೆ. ಅರಸೀಕೆರೆಯ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ನಮ್ಮ ವಿದ್ಯಾರ್ಥಿಯೊಬ್ಬ ಇದನ್ನು ಕೇಳಿ ನಕ್ಕ ನಗು ಸ್ಟಾಫ್ ರೂಮಿನವರೆಗೂ ಬಂತು. ಗೋಲ್ಡಿಂಗ್ ಈ ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ತಮ್ಮದನ್ನು ಬರೆದರು. ಅವರು ಸಾಲ್ಸ್‌ಬರಿಯಲ್ಲಿ ಶಾಲಾ ಶಿಕ್ಷಕರಾಗಿದ್ದವರು, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. ಮಕ್ಕಳನ್ನೂ ಯುದ್ಧವನ್ನೂ ಹತ್ತಿರದಿಂದ ಬಲ್ಲವರು. ನಮಗೆ ನಿಯಮಗಳು ಬೇಕು, ನಾವೇನು ಕಾಡುಜನರೇ, ನಾವು ಇಂಗ್ಲಿಷರು ಎಂಬರ್ಥದ ಮಾತನ್ನು ಅವರು ಆಡಿಸುವುದು ಜ್ಯಾಕನ ಬಾಯಲ್ಲಿಯೇ.

ಪೋಷಕರಾಗಿ ನೀವು ಓದಲೇಬೇಕೆಂದು ನಾನು ಬಯಸುವ ಒಂದು ಪುಟ ಆ ಕಾದಂಬರಿಯಲ್ಲಿದೆ. ರೋಜರ್ ಎಂಬ ಹುಡುಗ ಮರದ ಹಿಂದೆ ನಿಂತು, ಸಮುದ್ರದಂಚಿನಲ್ಲಿ ಆಡುತ್ತಿರುವ ಪುಟ್ಟ ಮಗುವಿನ ಕಡೆಗೆ ಕಲ್ಲು ಎಸೆಯುತ್ತಾನೆ, ಆದರೆ ತಾಗದಂತೆ ಎಸೆಯುತ್ತಾನೆ. ಮಗುವಿನ ಸುತ್ತ ಕೆಲವು ಗಜಗಳಷ್ಟು ಜಾಗವಿದೆ, ಅದರೊಳಕ್ಕೆ ಕಲ್ಲು ಬೀಳಿಸಲು ಅವನ ಕೈ ಒಪ್ಪುವುದಿಲ್ಲ. ಅಪ್ಪ ಅಮ್ಮ, ಶಾಲೆ, ಪೊಲೀಸರು, ಕಾನೂನು ಇವೆಲ್ಲ ಎಷ್ಟೋ ದೂರದಲ್ಲಿದ್ದರೂ ಆ ಮಗುವಿನ ಸುತ್ತ ಕಾವಲಿದ್ದವು ಎನ್ನುತ್ತಾರೆ ಗೋಲ್ಡಿಂಗ್. ಕೆಲವು ಅಧ್ಯಾಯಗಳ ನಂತರ ಅದೇ ರೋಜರ್ ಬಂಡೆಯೊಂದನ್ನು ಮೇಲಿನಿಂದ ಉರುಳಿಸುತ್ತಾನೆ, ಗುಂಪಿನ ಪಿಗ್ಗಿ ಎಂಬ ಹುಡುಗ ಸಾಯುತ್ತಾನೆ, ಅವನ ಕೈಯಲ್ಲಿದ್ದ ಶಂಖ ಪುಡಿಯಾಗುತ್ತದೆ. ಆ ಕೆಲವು ಗಜಗಳು ಯಾವಾಗ ಕರಗಿದವು ಎಂಬುದನ್ನು ಪುಟ ತಿರುವಿ ಪತ್ತೆ ಮಾಡುವ ಕೆಲಸವನ್ನು ಐದೈದು ಮಕ್ಕಳ ಗುಂಪುಗಳಿಗೆ ಕೊಟ್ಟಿದ್ದೇವೆ. ಒಂದು ಗುಂಪಿನ ಉತ್ತರ ಇನ್ನೊಂದಕ್ಕೆ ಹೊಂದುತ್ತಿಲ್ಲ, ಹೊಂದಬೇಕಾಗಿಯೂ ಇಲ್ಲ.

ಶಂಖದ ಮಾತು ಬಂದಿತಲ್ಲ. ಕಾದಂಬರಿಯಲ್ಲಿ ಅದನ್ನು ಹಿಡಿದವನಿಗೆ ಮಾತ್ರ ಮಾತಾಡುವ ಹಕ್ಕು. ನಮ್ಮ ತರಗತಿಯಲ್ಲಿ ಅದರ ಬದಲಿಗೆ ಬೋರ್ಡ್ ಒರೆಸುವ ಡಸ್ಟರನ್ನು ಇಟ್ಟಿದ್ದರು. ಮೊದಲೆರಡು ದಿನ ಎಲ್ಲವೂ ಚೆನ್ನಾಗಿಯೇ ಇತ್ತು. ಮೂರನೆಯ ದಿನ ನಾನು ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ: ಡಸ್ಟರು ಮುಂದಿನ ಎರಡು ಬೆಂಚುಗಳಲ್ಲಿ, ಚೆನ್ನಾಗಿ ಮಾತನಾಡಬಲ್ಲ ಮೂವರ ನಡುವೆಯೇ ಸುತ್ತುತ್ತಿತ್ತು. ನಿಯಮ ಮುರಿದವರು ಯಾರೂ ಇರಲಿಲ್ಲ. ತೋಟದ ಕೂಲಿಕಾರರ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಕಡೆಯ ಬೆಂಚಿನಲ್ಲಿ ಕೈ ಎತ್ತಿಕೊಂಡೇ ಕೂತು, ಕೈ ನೋವಾಗಿ ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಿದ್ದಳು. ಕೊನೆಗೆ ಎದ್ದು ಬಂದು ಡಸ್ಟರನ್ನು ತೆಗೆದುಕೊಂಡಾಗ ಅವಳ ಲಂಗದ ಮೇಲೆಲ್ಲ ಸೀಮೆಸುಣ್ಣದ ಪುಡಿ. ಪುಸ್ತಕದಲ್ಲಿ ಸಣ್ಣ ಮಕ್ಕಳಿಗೆ ಶಂಖ ಎಷ್ಟು ಸಲ ಸಿಕ್ಕಿತು ಮೇಡಂ ಎಂದಷ್ಟೇ ಕೇಳಿ ಕೂತಳು. ಹಿಂದಕ್ಕೆ ಹೋಗಿ ನೋಡಿದೆವು. ಮೊದಲ ಸಭೆಗಳಲ್ಲೊಂದರಲ್ಲಿ, ಮುಖದ ಮೇಲೆ ಮಚ್ಚೆಯಿರುವ ಪುಟ್ಟ ಹುಡುಗನೊಬ್ಬನಿಗೆ ಅದು ಸಿಗುತ್ತದೆ. ಅವನು ಪಿಗ್ಗಿಯ ಕಿವಿಯಲ್ಲಿ ಪಿಸುಗುಟ್ಟುತ್ತಾನೆ, ದೊಡ್ಡವರು ನಗುತ್ತಾರೆ. ಅದೇ ದಿನ ಹಚ್ಚಿದ ಬೆಂಕಿ ಕೈಮೀರಿದ ಮೇಲೆ ಅವನು ಮತ್ತೆಂದೂ ಕಾಣಿಸುವುದಿಲ್ಲ. ಈ ಹುಡುಗನನ್ನು ನಾನೂ ಗಮನಿಸದೆ ಪುಸ್ತಕ ಮುಗಿಸಿದ್ದೆ.

ಪರೀಕ್ಷೆಯ ಆತಂಕದ ಬಗ್ಗೆ ಒಂದು ಮಾತು. ದ್ವೀಪದ ಹುಡುಗರು ಬೆಂಕಿ ಹೊತ್ತಿಸುವುದು ಪಿಗ್ಗಿಯ ಕನ್ನಡಕದಿಂದ. ಆದರೆ ಪಿಗ್ಗಿಗೆ ಇರುವುದು ಸಮೀಪದೃಷ್ಟಿ ದೋಷ, ಅವನ ಕನ್ನಡಕದಲ್ಲಿರುವುದು ನಿಮ್ನ ಮಸೂರ, ಅದು ಬೆಳಕನ್ನು ಒಂದೆಡೆ ಸೇರಿಸಲಾರದು. ವಿಜ್ಞಾನ ಶಿಕ್ಷಕರು ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳಕ್ಕೆ ಕರೆದುಕೊಂಡು ಹೋಗಿ ತೋರಿಸಿದರು: ವಿದ್ಯಾರ್ಥಿನಿಯೊಬ್ಬಳ ಕನ್ನಡಕ ಕಪ್ಪು ಕಾಗದದ ಮೇಲೆ ಮಬ್ಬು ನೆರಳನ್ನಷ್ಟೇ ಚೆಲ್ಲಿತು, ನಮ್ಮ ಅಟೆಂಡರ್ ಪೇಪರ್ ಓದಲು ಹಾಕುವ ಕನ್ನಡಕದ ಅಡಿಯಲ್ಲಿ ಅದೇ ಕಾಗದ ಸ್ವಲ್ಪ ಹೊತ್ತಿಗೆ ಹೊಗೆಯಾಡಿತು. ನೊಬೆಲ್ ಪಡೆದ ಲೇಖಕರಿಗೂ ಮಸೂರ ಕೈಕೊಡುತ್ತದೆ ಎಂಬ ಸಂತೋಷ ಮಕ್ಕಳಿಗೆ ಇನ್ನೂ ಇಳಿದಿಲ್ಲ. ಹತ್ತನೆಯ ತರಗತಿಯ ಬೆಳಕಿನ ಪಾಠವನ್ನು ಅವರು ಇನ್ನು ಮರೆಯಲಾರರು.

ಕಾದಂಬರಿಗಳನ್ನೇ ಲೋಕವೆಂದು ನಂಬಬಾರದೆಂದು ನಡೆದ ಘಟನೆಯೊಂದನ್ನೂ ಜೊತೆಗಿಟ್ಟಿದ್ದೇವೆ. 1965ರಲ್ಲಿ ಪೆಸಿಫಿಕ್ ಸಾಗರದ ಟೊಂಗಾ ದೇಶದ ವಸತಿಶಾಲೆಯೊಂದರ ಆರು ಹುಡುಗರು ಹೇಳದೆ ಕೇಳದೆ ದೋಣಿಯೊಂದನ್ನು ತೆಗೆದುಕೊಂಡು ಹೊರಟು, ಬಿರುಗಾಳಿಗೆ ಸಿಕ್ಕಿ, ಅಟಾ ಎಂಬ ನಿರ್ಜನ ದ್ವೀಪ ಸೇರಿದರು. 1966ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಪೀಟರ್ ವಾರ್ನರ್ ತಮ್ಮ ಮೀನುಗಾರಿಕೆ ದೋಣಿಯಲ್ಲಿ ಆ ಕಡೆ ಬರುವವರೆಗೆ, ಸುಮಾರು ಹದಿನೈದು ತಿಂಗಳು ಅಲ್ಲಿದ್ದರು. ಇಬ್ಬಿಬ್ಬರಂತೆ ಸರದಿ ಹಾಕಿಕೊಂಡು ಬೆಂಕಿ ಆರದಂತೆ ಕಾಯ್ದರು. ಜಗಳವಾದರೆ ಇಬ್ಬರೂ ದ್ವೀಪದ ಬೇರೆ ಬೇರೆ ಕಡೆಗೆ ಹೋಗಿ ಸಿಟ್ಟು ಇಳಿದ ಮೇಲೆ ಬರಬೇಕೆಂದು ಕಟ್ಟು ಮಾಡಿಕೊಂಡರು. ಬಂಡೆಯಿಂದ ಬಿದ್ದು ಕಾಲು ಮುರಿದವನಿಗೆ ಕಡ್ಡಿ ಕಟ್ಟಿ ಮಲಗಿಸಿ, ಅವನ ಪಾಲಿನ ಕೆಲಸವನ್ನೂ ತಾವೇ ಮಾಡಿದರು. ಇದರಿಂದ ಗೋಲ್ಡಿಂಗ್ ಸುಳ್ಳಾದರೆಂದು ನಾನು ಹೇಳಲಾರೆ. ಟೊಂಗಾದ ಹುಡುಗರು ಆರೇ ಜನ, ಮೊದಲೇ ಸ್ನೇಹಿತರು; ಕಾದಂಬರಿಯಲ್ಲಿರುವುದು ಬಹುಪಾಲು ಒಬ್ಬರಿಗೊಬ್ಬರು ಗೊತ್ತಿಲ್ಲದ ದೊಡ್ಡ ಗುಂಪು, ಅದರಲ್ಲಿ ಆರು ವರ್ಷದ ಮಕ್ಕಳೂ ಇದ್ದಾರೆ. ಇನ್ನೊಂದು ಸಂಗತಿ ಮಕ್ಕಳನ್ನು ಹೆಚ್ಚು ಕಾಡಿತು. ಆ ದ್ವೀಪ ಮೊದಲಿನಿಂದ ನಿರ್ಜನವಾಗಿರಲಿಲ್ಲ. 1863ರಲ್ಲಿ ಹಡಗೊಂದು ಬಂದು ಅಲ್ಲಿಯ ನೂರಕ್ಕೂ ಹೆಚ್ಚು ಜನರನ್ನು ಮೋಸದಿಂದ ಗುಲಾಮರಾಗಿ ಒಯ್ದ ಮೇಲೆ, ಉಳಿದವರನ್ನು ಟೊಂಗಾದ ರಾಜ ಬೇರೆ ದ್ವೀಪಕ್ಕೆ ಕರೆಸಿಕೊಂಡಿದ್ದ.

ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೈಮನ್ ಸಾಯುವ ಭಾಗವನ್ನು ಶನಿವಾರದ ಕೊನೆಯ ಅವಧಿಯಲ್ಲಿ ಓದಿಸಿ, ಚರ್ಚೆಯಿಲ್ಲದೆ ಗಂಟೆ ಹೊಡೆದು, ಮಕ್ಕಳನ್ನು ಆ ಭಾರದೊಂದಿಗೆ ಮನೆಗೆ ಕಳಿಸಿದೆವು. ಇಬ್ಬರು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. ವೇಳಾಪಟ್ಟಿ ಹಾಕಿದವಳು ನಾನೇ ಆದ್ದರಿಂದ ಕ್ಷಮೆ ಕೇಳುವುದೂ ನನ್ನದೇ ಕೆಲಸ. ಇನ್ನು ಮುಂದೆ ಅಂಥ ಭಾಗಗಳು ಬೆಳಗಿನ ಮೊದಲ ಅವಧಿಯಲ್ಲಿ, ಎರಡು ಅವಧಿ ಸೇರಿಸಿಯೇ ನಡೆಯುತ್ತವೆ. ನಿಮ್ಮ ಮಗುವಿಗೆ ಈ ಓದು ಬೇಡವೆನಿಸಿದರೆ ಪತ್ರದ ಕೆಳಭಾಗವನ್ನು ಹರಿದು ಸಹಿ ಮಾಡಿ ಕಳುಹಿಸಿ. ಆ ಮಗುವಿಗೆ ಪೈ ಮತ್ತು ಕ್ರೂಸೋ ಎರಡನ್ನೇ ಹೋಲಿಸುವ ಕೆಲಸ ಕೊಡುತ್ತೇವೆ, ಅಂಕದಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ, ಹನ್ನೆರಡು ಗಂಟೆಗೆ, ಮಕ್ಕಳು ತಾವು ಬರೆದದ್ದನ್ನು ಗ್ರಂಥಾಲಯದಲ್ಲಿ ಓದುತ್ತಾರೆ. ಕುಯ್ಲು ಬಿಟ್ಟು ಬರಲಾಗದವರು ಮನೆಯ ಹಿರಿಯರನ್ನು ಕಳುಹಿಸಬಹುದು. ಬಿಸಿಲಿದ್ದರೆ ಕನ್ನಡಕದ ಪ್ರಯೋಗವನ್ನು ಮತ್ತೊಮ್ಮೆ ಮಾಡುವವರಿದ್ದಾರೆ; ನಮ್ಮ ಅಟೆಂಡರ್ ತಮ್ಮ ಕನ್ನಡಕವನ್ನು ಇನ್ನು ಕೊಡುವುದಿಲ್ಲವೆಂದು ಹೇಳಿಬಿಟ್ಟಿದ್ದಾರೆ, ಆದ್ದರಿಂದ ಓದುವ ಕನ್ನಡಕ ಇರುವವರು ದಯವಿಟ್ಟು ಜೊತೆಗೆ ತನ್ನಿ.

ಗೌರವಾದರಗಳೊಂದಿಗೆ,
ಮುಖ್ಯ ಶಿಕ್ಷಕಿ