ಬ್ಯಾರಲ್ ಉದ್ದ ಇದ್ದಷ್ಟೂ ಒಳ್ಳೇದು ಅಂತ ಬರೆದುಬಿಟ್ಟಿದ್ದೀರಲ್ಲ!

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ಜನ ಮನೇಲೇ ರೈಫಲ್ ಮಾಡ್ಕೊಳ್ತಾರೆ ಅಂತ ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ ಬರಹನ ಮಡಿಕೇರಿ ಕಡೆಯಿಂದ ನನ್ನ ಅಕ್ಕನ ಮಗ ಫೋಟೋ ತೆಗ್ದು ವಾಟ್ಸಾಪ್ ಮಾಡಿದ್ದ, ಜೊತೆಗೆ ಒಂದು ಪ್ರಶ್ನೆ ಬೇರೆ, ಅದನ್ನ ಆಮೇಲೆ ಹೇಳ್ತೀನಿ. ನಾನಿರೋದು ಡಲ್ಲಾಸ್ ಹತ್ರ. ಹೋದ ವರ್ಷ ನಾನೇ ಒಂದು ರೈಫಲ್ ಜೋಡಿಸ್ಕೊಂಡೆ, ಹಾಗಾಗಿ ಓದ್ತಾ ಓದ್ತಾ ಸುಮ್ನಿರೋಕೆ ಆಗ್ಲಿಲ್ಲ.

ಮೊದಲನೇದು, ಮನೇಲಿ ಮಾಡೋದು ಅಂದ್ರೆ ಕುಲುಮೆ ಹಾಕಿ ಕಬ್ಬಿಣ ಬಡಿಯೋದಲ್ಲ ಸ್ವಾಮಿ. ಇಲ್ಲಿ ಬಹುಪಾಲು ಜನ ಮಾಡೋದು ಎಆರ್-15 ಅನ್ನೋ ರೈಫಲ್ ತರದ್ದು, ಬಿಡಿ ಭಾಗ ತಂದು ಜೋಡಿಸೋದು ಅಷ್ಟೇ, ಕಂಪ್ಯೂಟರ್ ಅಸೆಂಬಲ್ ಮಾಡಿದ ಹಾಗೆ. ಅದ್ರಲ್ಲಿ ಸೀರಿಯಲ್ ನಂಬರ್ ಇರೋ ಲೋವರ್ ರಿಸೀವರ್ ಅನ್ನೋ, ಟ್ರಿಗರ್ ಕೂರೋ ಕೆಳಭಾಗನೇ ಕಾನೂನಿನ ಲೆಕ್ಕದಲ್ಲಿ ಬಂದೂಕು. ಅದನ್ನ ಲೈಸೆನ್ಸ್ ಇರೋ ಡೀಲರ್ ಹತ್ರ ಫಾರ್ಮ್ 4473 ಅನ್ನೋ ಖರೀದಿ ಅರ್ಜಿ ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಮುಗಿಸಿ ತಗೋಬೇಕು. ಬ್ಯಾರಲ್, ಅಂದ್ರೆ ನಳಿಗೆ ಮಾತ್ರ ನಮ್ಮ ಟೆಕ್ಸಾಸ್‌ನಲ್ಲಿ ಕೊರಿಯರ್‌ನಲ್ಲೇ ಮನೆ ಬಾಗಿಲಿಗೆ ಬರುತ್ತೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಕಡೆ ಇರೋರು ನನ್ನ ಮಾತು ಕೇಳಿ ಹೊರಡಬೇಡಿ, ಅಲ್ಲಿಯ ರೂಲ್ಸೇ ಬೇರೆ. ಎಚ್-1ಬಿ, ಎಫ್-1 ಮೇಲಿರೋ ನಮ್ಮ ಹುಡುಗರಿಗೂ ಒಂದು ಮಾತು, ಆ ವೀಸಾದಲ್ಲಿ ಇರೋರು ಬಂದೂಕು ಇಟ್ಕೊಳ್ಳೋದು ಫೆಡರಲ್ ಅಪರಾಧ, ಬೇಟೆ ಲೈಸೆನ್ಸ್ ತರದ ಒಂದೆರಡು ವಿನಾಯಿತಿ ಬಿಟ್ರೆ. ಗುರಿ ಅಭ್ಯಾಸ ಮಾಡೋ ರೇಂಜಲ್ಲಿ ಫ್ರೆಂಡ್ ಕೊಟ್ಟ ಅಂತ ಕೈಗೆ ತಗೊಂಡು ಫೋಟೋ ಹಾಕ್ತಾರೆ ಪಾಪ. ನಾನು ಗ್ರೀನ್ ಕಾರ್ಡ್ ಬರೋವರೆಗೂ ಮುಟ್ಟಿಲ್ಲ.

ಈಗ ಬ್ಯಾರಲ್ ವಿಷಯಕ್ಕೆ ಬರೋಣ. ಉದ್ದ ಇದ್ದಷ್ಟೂ ಗುರಿ ಕರೆಕ್ಟು ಅಂತ ಬರೆದಿದ್ದೀರಿ. ನಾನೂ ಹಾಗೇ ನಂಬಿದ್ದೋನು, ಯಾಕಂದ್ರೆ ನಮ್ಮ ತಾತನ ಒಂಟಿ ನಳಿಗೆ ತೋಟಾ ಕೋವಿ ನನ್ನ ಎದೆ ಮಟ್ಟಕ್ಕೆ ಬರ್ತಿತ್ತು, ಕೋವಿ ಅಂದ್ರೆ ಹಾಗಿರಬೇಕು ಅಂತ ತಲೇಲಿ ಕೂತಿತ್ತು. ಅದಕ್ಕೆ ಮೊದಲನೇ ಸಲ 20 ಇಂಚಿನ ದಪ್ಪ ಬ್ಯಾರಲ್ ಆರ್ಡರ್ ಮಾಡಿ, ಮೇಲೊಂದು ಗುರಿ ನೋಡೋ ದೊಡ್ಡ ಸ್ಕೋಪ್ ದುರ್ಬೀನು ಕೂರಿಸಿ, ಮಹಾರಾಜನ ತರ ರೇಂಜಿಗೆ ಹೋದೆ. ನಿಂತ್ಕೊಂಡು ಹೊಡಿಯೋಕೆ ಹೋದ್ರೆ ಹತ್ತು ನಿಮಿಷಕ್ಕೇ ಎಡಗೈ ನಡುಗೋಕೆ ಶುರು, ನಳಿಗೆ ಮೂತಿ ಕೆಳಗೆ ಕೆಳಗೆ ಎಳೀತಿದೆ, ಗುಂಡು ಟಾರ್ಗೆಟ್ ಬಿಟ್ಟು ಬೇರೆಲ್ಲಾ ಕಡೆ ಹೋಗ್ತಿದೆ. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ನೋಡಿ ನಕ್ಕು ತಮ್ಮ ರೈಫಲ್ ಕೊಟ್ರು, 16 ಇಂಚಿಂದು. ಅದರಲ್ಲಿ ಐದಕ್ಕೆ ನಾಲ್ಕು ಕಪ್ಪು ಚುಕ್ಕೆ ಒಳಗೇ ಬಿತ್ತು. ನನ್ನ ದುಡ್ಡು ನೀರಲ್ಲಿ ಹೋಮ.

ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಬ್ಯಾರಲ್ ಉದ್ದದಿಂದ ಸಿಗೋದು ವೇಗ, ಗುರಿ ಅಲ್ಲ. ಮದ್ದು ಉರಿದು ಗ್ಯಾಸ್ ಗುಂಡನ್ನ ಹಿಂದಿಂದ ತಳ್ತಾ ಇರುತ್ತೆ, ನಳಿಗೆ ಉದ್ದ ಇದ್ರೆ ತಳ್ಳೋಕೆ ಜಾಸ್ತಿ ದೂರ ಸಿಗುತ್ತೆ, ಅಷ್ಟೇ. ಎಆರ್-15ಗೆ ಸಾಮಾನ್ಯವಾಗಿ ಹಾಕೋ 5.56 ಗುಂಡು 20 ಇಂಚಿನ ಬ್ಯಾರಲ್‌ನಿಂದ ಸೆಕೆಂಡಿಗೆ ಸುಮಾರು 3,200 ಅಡಿ ವೇಗದಲ್ಲಿ ಹೊರಡುತ್ತೆ ಅಂತಿಟ್ಕೊಳ್ಳಿ, 16ಕ್ಕೆ ಇಳಿಸಿದ್ರೆ ಇಂಚಿಗೆ ಸುಮಾರು 25ರಿಂದ 40 ಅಡಿ ಕಮ್ಮಿ ಆಗುತ್ತೆ, ನೂರು ಗಜದ ಪೇಪರ್ ಟಾರ್ಗೆಟ್‌ಗೆ ಅದು ಲೆಕ್ಕಕ್ಕೇ ಬರಲ್ಲ. ಗುರಿ ವಿಷಯದಲ್ಲಿ ಇನ್ನೊಂದು ತಮಾಷೆ, ಒಂದೇ ದಪ್ಪದಲ್ಲಿ ಗಿಡ್ಡ ಬ್ಯಾರಲ್ಲೇ ಗಟ್ಟಿ, ಬಾಗೋದು ನಡುಗೋದು ಕಮ್ಮಿ. ಹಳೇ ಕಾಲದ ಕಬ್ಬಿಣದ ಸೈಟ್, ಅಂದ್ರೆ ಗುರಿ ಹಿಡಿಯೋ ಗುರುತು ಇದ್ರೆ ಉದ್ದ ನಳಿಗೆಗೆ ಬೆಲೆ ಇದೆ, ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಜಾಸ್ತಿ ಆದಷ್ಟೂ ಕಣ್ಣಿನ ತಪ್ಪು ಕಮ್ಮಿ. ಸ್ಕೋಪ್ ಹಾಕಿದ ಮೇಲೆ ಆ ಮಾತಿಲ್ಲ.

ಯಾವ ಗುಂಡು ಅನ್ನೋದನ್ನೂ ನೋಡಬೇಕು. .22 ಲಾಂಗ್ ರೈಫಲ್ ಅನ್ನೋ ಸಣ್ಣ ಗುಂಡಿನಲ್ಲಿ ಮದ್ದು ಇರೋದೇ ಚಿಟಿಕೆಯಷ್ಟು, 16 ಇಂಚು ದಾಟೋ ಹೊತ್ತಿಗೆ ಅದರ ಕೆಲಸ ಹೆಚ್ಚುಕಮ್ಮಿ ಮುಗಿದಿರುತ್ತೆ. 6.5 ಕ್ರೀಡ್‌ಮೂರ್ ತರದ ದೂರದ ಗುಂಡಿಗೆ 22, 24 ಇಂಚು ಹಾಕೋದ್ರಲ್ಲಿ ಅರ್ಥ ಇದೆ. ಗಿಡ್ಡ ಗಿಡ್ಡ ಅಂತ ತೀರಾ ಗಿಡ್ಡಕ್ಕೆ ಹೋದ್ರೂ ಕಷ್ಟಾನೇ, ಸದ್ದು ಕಿವಿ ಹರಿಯೋ ಹಾಗೆ, ಮೂತೀಲಿ ಬೆಂಕಿ ಉಂಡೆ, ವೇಗಾನೂ ದಬಕ್ ಅಂತ ಬೀಳುತ್ತೆ.

ನಿಮ್ಮ ಬರಹದಲ್ಲಿ ಪೂರ್ತಿ ಬಿಟ್ಟುಹೋಗಿರೋದು ಕಾನೂನು. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಅಂತಿದೆ, ರೈಫಲ್ ಬ್ಯಾರಲ್ 16 ಇಂಚಿಗಿಂತ ಕಮ್ಮಿ ಇದ್ರೆ, ಇಲ್ಲಾ ಇಡೀ ರೈಫಲ್ 26 ಇಂಚಿಗಿಂತ ಗಿಡ್ಡ ಇದ್ರೆ, ಅದು ಬೇರೇನೇ ಜಾತಿ, ಮಾಡೋಕೆ ಮುಂಚೆನೇ ಬಂದೂಕಿನ ಕಾನೂನು ನೋಡ್ಕೊಳ್ಳೋ ಎಟಿಎಫ್ ಇಲಾಖೆಗೆ ಅರ್ಜಿ ಹಾಕಿ ಬೆರಳಚ್ಚು ಫೋಟೋ ಎಲ್ಲಾ ಕೊಟ್ಟು ಒಪ್ಪಿಗೆ ತಗೋಬೇಕು. ಇದಕ್ಕೆ 1934ರಲ್ಲಿ ಹಾಕಿದ 200 ಡಾಲರ್ ಟ್ಯಾಕ್ಸ್ ತೊಂಬತ್ತು ವರ್ಷ ಹಾಗೇ ಇತ್ತು, 2026ರ ಜನವರಿ 1ರಿಂದ ಸೊನ್ನೆ ಆಗಿದೆ. ಟ್ಯಾಕ್ಸ್ ಹೋಯ್ತು ಅಂದ್ರೆ ಅರ್ಜಿನೂ ಹೋಯ್ತು ಅಂತ ತಿಳ್ಕೊಂಡಿರೋರು ನಮ್ಮ ಕನ್ನಡದವರಲ್ಲೇ ಇದ್ದಾರೆ, ಹಾಗಿಲ್ಲ, ಅರ್ಜಿ ಹಾಗೇ ಇದೆ. ಅಳತೆನೂ ಕಣ್ಣಂದಾಜಲ್ಲ, ನಳಿಗೆ ಹಿಂಬದಿ ಮುಚ್ಚೋ ಬೋಲ್ಟ್ ಅನ್ನೋ ಭಾಗ ಮುಚ್ಚಿ, ಅದರ ಮುಖದಿಂದ ಮೂತಿ ತುದಿವರೆಗೆ ಲೆಕ್ಕ, ತಿರುಗಿಸಿ ಬಿಚ್ಚಬಹುದಾದ ಬಿಡಿಭಾಗ ತುದೀಲಿದ್ರೆ ಅದು ಲೆಕ್ಕಕ್ಕಿಲ್ಲ. ಅಮೆರಿಕದ ಸೈನಿಕರ ಎಂ4 ಬಂದೂಕಿಗೆ 14.5 ಇಂಚು ಇದೆ ಅಂತ ನಮಗೂ ಅದೇ ಬೇಕು ಅನ್ನೋರು, ಮೂತಿ ತುದಿ ಭಾಗನ ಪಿನ್ ಹಾಕಿ ಖಾಯಂ ವೆಲ್ಡ್ ಮಾಡಿಸಿ 16 ದಾಟಿಸ್ತಾರೆ, ಮೊದಲನೇ ಸಲ ಮಾಡೋನಿಗೆ ಆ ಉಸಾಬರಿ ಯಾಕೆ ಹೇಳಿ.

ಹಾಗಾಗಿ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಒಂದೇ, ಮೊದಲನೇದಕ್ಕೆ ಸಾದಾ 16 ಇಂಚು, ಉರಿದ ಗ್ಯಾಸ್‌ನಿಂದಲೇ ಮುಂದಿನ ಗುಂಡು ತುಂಬೋ ಗ್ಯಾಸ್ ಸಿಸ್ಟಮ್ ಮಿಡ್-ಲೆಂಥ್, ಅಂದ್ರೆ ಮಧ್ಯಮ ಉದ್ದ ಇರೋದು ನೋಡಿ ತಗೊಳ್ಳಿ, ಭುಜಕ್ಕೆ ಒದೆ ಸ್ವಲ್ಪ ಮೆತ್ತಗಿರುತ್ತೆ. ಬೆಂಚ್ ಮೇಲೆ ಇಟ್ಟೇ ಹೊಡೀತೀನಿ ಅನ್ನೋರು 18, 20 ನೋಡಿ. ನನ್ನ 20 ಇಂಚಿನ ಬ್ಯಾರಲ್ ಈಗ ಕ್ಲೋಸೆಟ್ಟಲ್ಲಿದೆ, ನನ್ನ ಹೆಂಡತಿ ಅದಕ್ಕೆ ಕರ್ಟನ್ ನೇತುಹಾಕೋಣ್ವಾ ಅಂತ ಕೇಳ್ತಾಳೆ.

ಈಗ ಅಕ್ಕನ ಮಗನ ಪ್ರಶ್ನೆ. "ಮಾವ, ಅಮೆರಿಕದಲ್ಲಿ 16 ಇಂಚು ಸಾಕಂತೆ, ತಾತನ ಕೋವಿ ನಳಿಗೆ ಕಟ್ ಮಾಡಿಸಿ ಗಿಡ್ಡ ಮಾಡ್ಲಾ, ಹೆಂಗೂ ನಮಗೆ ಲೈಸೆನ್ಸ್ ಬೇಡ್ವಲ್ಲ" ಅಂತ. ನಿಮ್ಮ ಬರಹದಲ್ಲೂ ಕೊಡಗಿನವರಿಗೆ ಕೋವಿ ಕಾನೂನೇ ಇಲ್ಲ ಅನ್ನೋ ಹಾಗೆ ಒಂದು ಸಾಲಿದೆ, ಅದನ್ನ ಓದಿ ತಲೆ ತಿರುಗಿರೋದು ಇವನಿಗೆ. ಕೊಡವರಿಗೂ, ನಮ್ಮ ತರ ಜಮ್ಮಾ ಅನ್ನೋ ವಂಶಪಾರಂಪರ್ಯ ಹಕ್ಕಿನ ಜಮೀನಿನವರಿಗೂ ಇರೋ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಹೊತ್ಕೊಂಡು ಓಡಾಡೋಕೆ. ಈಗಿರೋ ಆದೇಶ 2029ರ ತನಕ ಇದೆ, 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿಹಿಡೀತು. ಕೋವಿ ಮಾಡೋಕಾಗ್ಲಿ ಕತ್ತರಿಸೋಕಾಗ್ಲಿ ಅದು ಪರ್ಮಿಶನ್ ಅಲ್ಲ. 1959ರ ಆರ್ಮ್ಸ್ ಆಕ್ಟ್‌ನ 5ನೇ ಸೆಕ್ಷನ್ ಲೈಸೆನ್ಸ್ ಇಲ್ಲದೆ ಬಂದೂಕು ಮಾಡಬಾರದು ಅನ್ನುತ್ತೆ, 6ನೇ ಸೆಕ್ಷನ್ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡಬಾರದು ಅನ್ನುತ್ತೆ. ಜೈಲೇ ಗತಿ. ಅದೂ ಅಲ್ಲದೆ ತಾತನದು ರೈಫಲ್ ಅಲ್ಲ, ಚರೆ ಹೊಡೆಯೋ ಕೋವಿ, ಮೂತಿ ಹತ್ರ ನಳಿಗೆ ಒಳಗೆ ಸ್ವಲ್ಪ ಬಿಗಿ ಮಾಡಿರ್ತಾರೆ, ಚರೆ ಚೆದುರದೆ ಹೋಗ್ಲಿ ಅಂತ. ಆ ಭಾಗ ಕಟ್ ಮಾಡಿದ್ರೆ ನಮ್ಮ ಕೋವಿ ಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿ ಇರ್ಲಿ, ಮರಕ್ಕೂ ಸರಿಯಾಗಿ ತಾಗಲ್ಲ.

ದಯವಿಟ್ಟು ಆ ಸಾಲಿಗೆ ಒಂದು ತಿದ್ದುಪಡಿ ಹಾಕಿ. ನಮ್ಮ ಹುಡುಗ ಗರಗಸ ಅಟ್ಟಕ್ಕೆ ವಾಪಸ್ ಇಟ್ಟಿದ್ದೀನಿ ಅಂತ ಮೆಸೇಜ್ ಮಾಡಿದ್ದಾನೆ, ಬೇರೆ ಮನೆಗಳಲ್ಲಿ ಏನಾಗ್ತಿದೆಯೋ ಗೊತ್ತಿಲ್ಲ.

ಇಂತಿ,
ಮಡಿಕೇರಿ ಕಡೆಯವ, ಸದ್ಯಕ್ಕೆ ಟೆಕ್ಸಾಸ್