ಮರಕ್ಕೆ ಗಿಡ ಕಟ್ಟುವುದು ಯಾವ ದಾರದಿಂದ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯ ಅಕ್ವೇರಿಯಂ ಬಗ್ಗೆ ಬಂದ ಬರಹ ಓದಿದೆ. ಪ್ಲಾಸ್ಟಿಕ್ ಗಿಡ ಬಿಟ್ಟು ಜೀವಂತ ಗಿಡ ಹಾಕಿ ಎಂದಿದ್ದು ಸರಿ. ಆದರೆ ಗಿಡವನ್ನು ಹತ್ತಿ ದಾರದಿಂದ ಮರದ ತುಂಡಿಗೆ ಕಟ್ಟಿದರೆ ಸಾಕು ಎಂಬ ಸಾಲೂ, ಆ ಮರವನ್ನು ನದಿ ದಡದಿಂದ ಪುಕ್ಕಟೆ ತರಬಹುದು ಎಂಬ ಸಾಲೂ ಓದುಗರ ದಾರಿ ತಪ್ಪಿಸುತ್ತವೆ. ನಾನು ಟೈಲರ್. ಅಂಗಡಿಯ ಕೌಂಟರ್ ಮೇಲೆ ಎರಡಡಿಯ ಟ್ಯಾಂಕ್ ಇಟ್ಟುಕೊಂಡಿದ್ದೇನೆ. ರವಿಕೆ ಅಳತೆ ಕೊಡಲು ಬಂದವರು ಅಳತೆ ಮರೆತು ಮೀನು ನೋಡುತ್ತ ನಿಲ್ಲುವುದುಂಟು. ಹಾಗಾಗಿ ದಾರದ ಮಾತನ್ನು ನಾನು ಆಡಬಹುದು ಅಂದುಕೊಂಡಿದ್ದೇನೆ.

ಈಗ ಅಂಗಡಿಯಲ್ಲಿ ಸುಮ್ಮನೆ ‘ದಾರ ಕೊಡಿ’ ಎಂದರೆ ಸಿಗುವುದು ಬಹುಪಾಲು ಪಾಲಿಯೆಸ್ಟರ್. ನೋಡಿದರೆ ಗೊತ್ತಾಗುವುದಿಲ್ಲ, ಸುಟ್ಟು ನೋಡಬೇಕು. ಗೇಣುದ್ದ ದಾರ ಕತ್ತರಿಸಿ ತುದಿಗೆ ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಇದು ನೀರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಹಾಗೇ ಇರುತ್ತದೆ. ಹತ್ತಿ ದಾರ ಕೆಲವು ವಾರಗಳಲ್ಲಿ ಕೊಳೆತು ಹರಿದುಹೋಗುತ್ತದೆ.

ಹಾಗೆಂದು ಎಲ್ಲದಕ್ಕೂ ಹತ್ತಿ ದಾರವೇ ಆಗಬೇಕೆಂದಿಲ್ಲ. ಜಾವಾ ಮಾಸ್ ಬೇಗ ಹಬ್ಬುವ ಪಾಚಿ. ಬೇರಿಲ್ಲದಿದ್ದರೂ ಎಳೆಗಳಿಂದಲೇ ಮರವನ್ನು ಹಿಡಿದುಕೊಳ್ಳುತ್ತದೆ. ಅದು ಹಿಡಿಯುವಷ್ಟರಲ್ಲಿ ಹತ್ತಿ ದಾರ ಹೋದರೆ ಒಳ್ಳೆಯದೇ. ಆದರೆ ಅನುಬಿಯಸ್ ಎಂಬ ಎಲೆಗಿಡ ಬಹಳ ನಿಧಾನ. ಹೊಸ ಎಲೆಯೊಂದು ಬರಲು ವಾರಗಳು ಬೇಕು, ಬೇರು ಮರಕ್ಕೆ ಕಚ್ಚಿಕೊಳ್ಳಲು ತಿಂಗಳುಗಳೇ ಬೇಕು. ಅದನ್ನು ಹತ್ತಿ ದಾರದಲ್ಲಿ ಕಟ್ಟಿದರೆ ಬೇರು ಹಿಡಿಯುವ ಮೊದಲೇ ದಾರ ಹರಿದು ಗಿಡ ಮೇಲೆ ತೇಲುತ್ತದೆ. ಅದಕ್ಕೆ ಪಾಲಿಯೆಸ್ಟರ್ ಅಥವಾ ಗಾಳದ ನೈಲಾನ್ ದಾರವೇ ಸರಿ. ಬೇರು ಹಿಡಿದ ಮೇಲೆ ಕತ್ತರಿಸಿ ತೆಗೆಯಿರಿ. ಗಂಟಿನ ಬಾಲ ಉದ್ದ ಬಿಡಬೇಡಿ, ಮೀನು ಸಿಕ್ಕಿಕೊಳ್ಳುತ್ತದೆ. ಬಣ್ಣದ ದಾರವಾದರೆ ಮೊದಲು ಬಿಸಿನೀರಿಗೆ ಹಾಕಿ, ಬಣ್ಣ ಬಿಡುತ್ತದೆಯೇ ನೋಡಿ. ಕಪ್ಪು ಅಥವಾ ಕಡುಗಂದು ದಾರ ಮರದ ಮೇಲೆ ಕಾಣುವುದೇ ಇಲ್ಲ.

ಅನುಬಿಯಸ್, ಜಾವಾ ಫರ್ನ್ ಎಂಬ ಜರಿಗಿಡ ಎರಡಕ್ಕೂ ಅಡ್ಡಡ್ಡ ಬೆಳೆಯುವ ಗಡ್ಡೆಯಂಥ ಕಾಂಡ ಇದೆ. ನಮ್ಮ ಕಡೆ ಶುಂಠಿ ನೆಟ್ಟು ರೂಢಿಯಾದವರು ಅದನ್ನು ಕಂಡೊಡನೆ ಜಲ್ಲಿಯೊಳಗೆ ಹೂತುಬಿಡುತ್ತಾರೆ. ಹೂತರೆ ಕೊಳೆಯುತ್ತದೆ. ಅಂಗಡಿಯವರು ಪುಟ್ಟ ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಬೂದು ಬಣ್ಣದ ಉಣ್ಣೆಯಂಥದ್ದರಲ್ಲಿ ಸುತ್ತಿ ಕೊಡುವುದರಿಂದ ಈ ಗಿಡ ಬೆಳೆಯುವುದೇ ಹಾಗೆ ಎಂಬ ಭಾವನೆಯೂ ಬರುತ್ತದೆ. ಆಫ್ರಿಕಾದ ಹೊಳೆಗಳಲ್ಲಿ ಅನುಬಿಯಸ್ ಬಂಡೆಗೂ ಬಿದ್ದ ಮರಕ್ಕೂ ಅಂಟಿಕೊಂಡು ಬೆಳೆಯುವ ಗಿಡ. ಬುಟ್ಟಿ, ಉಣ್ಣೆ ಪೂರ್ತಿ ಬಿಡಿಸಿ, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ. ಮರದಲ್ಲಿ ಒಂದು ಸೀಳೋ ಕವಲೋ ಹುಡುಕಿ ಕಾಂಡವನ್ನು ಅದರ ಮೇಲೆ ಇಡಿ. ದಾರವನ್ನು ಎಲೆಗಳ ನಡುವೆ ಎರಡು ಮೂರು ಸುತ್ತು ತಂದು ಮರದ ಅಡಿಯಲ್ಲಿ ಗಂಟು ಹಾಕಿ. ಚಿಗುರು ಬರುವ ತುದಿಯ ಮೇಲೆ ದಾರ ಹಾಯಬಾರದು. ಬೆರಳಿಂದ ತಳ್ಳಿದರೆ ಜಾರಬಾರದು, ದಾರ ಕಾಂಡದೊಳಗೆ ಇಳಿಯಲೂಬಾರದು. ಗುಂಡಿ ಹೊಲಿದವರಿಗೆ ಈ ಬಿಗಿ ಕೈಗೇ ಗೊತ್ತಿರುತ್ತದೆ. ಮಾಸ್ ಆದರೆ ಕೆಳಗಿನ ಮರ ಕಾಣುವಷ್ಟು ತೆಳ್ಳಗೆ ಹರಡಿ ಸುತ್ತಬೇಕು. ದಪ್ಪ ಇಟ್ಟರೆ ಒಳಗಿನದು ಬೆಳಕಿಲ್ಲದೆ ಕಂದಾಗಿ ಸಾಯುತ್ತದೆ.

ಅಂಟು ಹಾಕುವವರಿಗೂ ನನ್ನ ತಕರಾರಿಲ್ಲ. ಜೆಲ್ ಸೂಪರ್ ಗ್ಲೂ ತೇವ ತಾಗಿದರೇ ಗಟ್ಟಿಯಾಗುವ ಪದಾರ್ಥ, ನೀರಿನಲ್ಲೂ ಹಿಡಿಯುತ್ತದೆ. ಬಿಳಿ ಕಲೆ ಉಳಿಯುತ್ತದೆ ಅಷ್ಟೆ.

ಇನ್ನು ಮರ. ದಡಕ್ಕೆ ತೇಲಿ ಬಂದ ಮರ ಯಾರದ್ದೂ ಅಲ್ಲ ಎಂದು ನಿಮ್ಮ ಲೇಖಕರು ತಿಳಿದಂತಿದೆ. ಯಾರಾದರೂ ಹಕ್ಕು ಸಾಬೀತು ಮಾಡುವವರೆಗೆ ಅಂಥ ಮರ ಸರ್ಕಾರದ್ದು ಎನ್ನುತ್ತದೆ ಅರಣ್ಯ ಕಾಯ್ದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿನದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಭದ್ರಾ ಅಭಯಾರಣ್ಯವೂ ಇದೆ, ಕುದುರೆಮುಖವೂ ಇದೆ. ಅಲ್ಲಿನ ಹಳ್ಳದಿಂದ ಕೊಂಬೆ ಎತ್ತಿಕೊಂಡು ಬರುವಾಗ ಚೆಕ್‌ಪೋಸ್ಟಿನಲ್ಲಿ ‘ಪೇಪರ್‌ನಲ್ಲಿ ಓದಿದ್ದೆ ಸಾರ್’ ಎಂದರೆ ಯಾರೂ ಬಿಡುವುದಿಲ್ಲ. ಹಳ್ಳದಲ್ಲಿ ಬಿದ್ದ ಆ ಕೊಂಬೆಯ ಅಡಿಯಲ್ಲೇ ಮರಿಮೀನು ಅಡಗುವುದು ಎಂಬುದೂ ಇದೆ.

ಮಲೆನಾಡಿನವರಿಗೆ ಆ ತಾಪತ್ರಯವೇ ಬೇಡ. ಹಳೆಯ ಕಾಫಿ ಗಿಡ ಕಿತ್ತು ಹೊಸದು ನೆಡುವಾಗ ಬುಡಗಳು ರಾಶಿ ಬೀಳುತ್ತವೆ. ಟೀಪಾಯಿಗೆ ಕಾಲು ಮಾಡಲು ಒಯ್ಯುವುದೂ ಇದನ್ನೇ. ಗಟ್ಟಿ ಮರ, ಕವಲು ಕವಲಾಗಿ ಚೆನ್ನಾಗಿರುತ್ತದೆ. ಪಾಲಿಶ್ ಆದದ್ದು ಬೇಡ. ಒಂದು ಎಚ್ಚರ ಬೇಕು: ಕಾಫಿ ಗಿಡಕ್ಕೆ ತುಕ್ಕು ರೋಗ ಬಾರದಿರಲು ಬೋರ್ಡೊ ದ್ರಾವಣ ಹೊಡೆಯುತ್ತಾರೆ, ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ತಾಮ್ರ ಸ್ವಲ್ಪವಿದ್ದರೂ ಸೀಗಡಿ, ಬಸವನಹುಳು ಉಳಿಯುವುದಿಲ್ಲ. ಆದ್ದರಿಂದ ತೊಗಟೆ ಪೂರ್ತಿ ಕೆರೆದು, ಪಾತ್ರೆಗೆ ಹಿಡಿಸುವುದಾದರೆ ಕುದಿಸಿ, ಆಮೇಲೆ ನೀರು ಬದಲಿಸುತ್ತ ವಾರಗಟ್ಟಲೆ ನೆನೆಹಾಕಿ. ಸೀಗಡಿ ಸಾಕುವವರು ಕಾಫಿ ಬುಡದ ಗೋಜಿಗೆ ಹೋಗದೆ ಅಂಗಡಿಯಲ್ಲಿ ಅಕ್ವೇರಿಯಂಗೆಂದೇ ಮಾರುವ ಡ್ರಿಫ್ಟ್‌ವುಡ್ ಮರ ಕೊಳ್ಳುವುದೇ ವಾಸಿ. ಯಾವ ಮರವಾದರೂ ಟ್ಯಾನಿನ್ ಎಂಬ ಒಗರು ಬಿಟ್ಟು ನೀರು ಕಂದಾಗುತ್ತದೆ, ಮೀನಿಗೆ ತೊಂದರೆಯಿಲ್ಲ. (ನೀರು ಕಾಫಿ ವಾಸನೆ ಹೊಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ.) ಮೊದಮೊದಲು ಮರದ ಮೇಲೆ ಬಿಳಿ ಲೋಳೆ ಬರುತ್ತದೆ, ತಾನಾಗಿ ಹೋಗುತ್ತದೆ. ಮರ ತೇಲಿದರೆ ನೀರು ಕುಡಿದು ಭಾರವಾಗುವವರೆಗೆ ಕಲ್ಲು ಹೇರಿ.

ಕತ್ತರಿಸಿದ ಮಾಸ್, ಹೆಚ್ಚಾದ ಗಿಡ ಯಾವುದನ್ನೂ ಕೆರೆಗೆ, ಚರಂಡಿಗೆ ಹಾಕಬೇಡಿ. ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ದಾರದ ವಿಷಯಕ್ಕೆ ಜಾಗ ಸಿಗದಿದ್ದರೂ ಪರವಾಗಿಲ್ಲ, ನದಿ ದಡದ ಸಲಹೆಗೆ ಮಾತ್ರ ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಟೈಲರ್, ಚಿಕ್ಕಮಗಳೂರು